ಆರ್‌ವಿ ಪ್ರವಾಸಕ್ಕೆ ಜನರೇಟರ್ ಇಂಧನ: ಯಾವುದು, ಎಷ್ಟು, ಎಲ್ಲಿಟ್ಟು ಒಯ್ಯಬೇಕು

ಬೇಸಿಗೆ ರಜೆ ಹತ್ತಿರ ಬಂತೆಂದರೆ ಅಮೆರಿಕದ ಕನ್ನಡ ಮನೆಗಳಲ್ಲಿ ಆರ್‌ವಿ ಬಾಡಿಗೆಯ ಮಾತು ಶುರುವಾಗುತ್ತದೆ. ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ. ಮಕ್ಕಳಿಗೆ ಯೆಲ್ಲೊಸ್ಟೋನ್ ನೋಡಬೇಕು. ಹಿರಿಯರಿಗೆ ದಿನಾ ಹೊರಗಿನ ಊಟ ಒಗ್ಗುವುದಿಲ್ಲ. ಒಲೆ, ಹಾಸಿಗೆ, ಬಾತ್‌ರೂಮ್ ಎಲ್ಲಾ ಇರುವ ಗಾಡಿಯಾದರೆ ಅನ್ನ ಸಾರು ಮಾಡಿಕೊಂಡೇ ಊರು ಸುತ್ತಬಹುದು ಅಲ್ವಾ?

ಆದರೆ ರಾಷ್ಟ್ರೀಯ ಉದ್ಯಾನಗಳ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಕರೆಂಟ್ ಸಿಗುವುದು ಅಪರೂಪ. ಯೊಸೆಮಿಟಿಯ ಉದ್ಯಾನದೊಳಗಿನ ಯಾವ ಕ್ಯಾಂಪ್‌ಗ್ರೌಂಡ್‌ನಲ್ಲೂ ಪ್ಲಗ್ ಇಲ್ಲ. ಯೆಲ್ಲೊಸ್ಟೋನ್‌ನಲ್ಲಿ ಫಿಶಿಂಗ್ ಬ್ರಿಡ್ಜ್ ಆರ್‌ವಿ ಪಾರ್ಕ್ ಒಂದರಲ್ಲಿ ಮಾತ್ರ ಇದೆ. ಹಾಗಾಗಿ ಜನರೇಟರ್ ಬೇಕಾಗುತ್ತದೆ. ಜನರೇಟರ್ ಬಂದರೆ ಅದರ ಇಂಧನವೂ ಜೊತೆಗೆ ಬರುತ್ತದೆ. ಎಲ್ಲರೂ ವಾರಗಟ್ಟಲೆ ಕೂತು ಜನರೇಟರ್ ಆರಿಸುತ್ತಾರೆ. ಇಂಧನದ ವಿಚಾರ ಮಾತ್ರ ಹೊರಡುವ ದಿನ ಬೆಳಿಗ್ಗೆ ಪಂಪ್ ಮುಂದೆ ನಿಂತಾಗ ನೆನಪಾಗುತ್ತದೆ.

ನಮ್ಮ ಮೊದಲ ಯೊಸೆಮಿಟಿ ಪ್ರವಾಸದಲ್ಲಿ ನಾನೂ ಅದನ್ನೇ ಮಾಡಿದೆ. ಐದು ಗ್ಯಾಲನ್ ಕ್ಯಾನ್ ತುಂಬಿಸಿ, ಟ್ರೇಲರ್ ಎಳೆಯುತ್ತಿದ್ದ ಎಸ್‌ಯುವಿಯ ಹಿಂಭಾಗದಲ್ಲಿ ಇಟ್ಟೆ. ಬೆಟ್ಟ ಹತ್ತುವಾಗ ಮಗಳು ತಲೆನೋವು ಅಂದಳು. ದಾರಿಯ ತಿರುವುಗಳಿಂದ ಇರಬೇಕು ಅಂದುಕೊಂಡೆ. ಗಾಡಿ ನಿಲ್ಲಿಸಿ ಹಿಂದಿನ ಬಾಗಿಲು ತೆಗೆದರೆ ಪೆಟ್ರೋಲ್ ವಾಸನೆ ಮುಖಕ್ಕೆ ರಾಚಿತು. ಕ್ಯಾನ್ ಊದಿಕೊಂಡಿತ್ತು. ಮುಚ್ಚಳ ತಿರುಗಿಸಿದ ತಕ್ಷಣ ಬುಸ್ಸೆಂದು ಚಿಮ್ಮಿ ಕೈ, ಅಂಗಿ ಎಲ್ಲಾ ಒದ್ದೆಯಾಯಿತು. ಪಕ್ಕದಲ್ಲಿ ಯಾರೂ ಸಿಗರೇಟ್ ಸೇದುತ್ತಿರಲಿಲ್ಲ, ಅಷ್ಟೇ ಪುಣ್ಯ. ಅಲ್ಲಿಂದ ಮುಂದೆ ನಾನು ಪಾಲಿಸಿಕೊಂಡು ಬಂದಿರುವುದು ಒಂದೇ: ಹೊತ್ತೊಯ್ಯುವ ಇಂಧನ ಎಷ್ಟು ಕಡಿಮೆಯಿದ್ದರೆ ಅಷ್ಟು ಒಳ್ಳೆಯದು. ಈ ಬರಹದ ಲೆಕ್ಕವೆಲ್ಲ ಅದರ ಸುತ್ತಲೇ ಇದೆ.

ಮೊದಲು ಒಂದು ಪದದ ಗೊಂದಲ

ನಮ್ಮೂರಲ್ಲಿ ಗ್ಯಾಸ್ ಅಂದರೆ ಅಡುಗೆಮನೆಯ ಸಿಲಿಂಡರ್. ಅಮೆರಿಕದಲ್ಲಿ ಗ್ಯಾಸ್ ಅಂದರೆ ಪೆಟ್ರೋಲ್. ಸಿಲಿಂಡರ್‌ನಲ್ಲಿರುವುದಕ್ಕೆ ಇಲ್ಲಿ ಪ್ರೊಪೇನ್ ಅನ್ನುತ್ತಾರೆ. ಕ್ಯಾಂಪಿನಲ್ಲಿ ನಾಲ್ಕು ಕುಟುಂಬ ಸೇರಿದಾಗ "ಗ್ಯಾಸ್ ಆಫ್ ಮಾಡಿ", "ಗ್ಯಾಸ್ ತನ್ನಿ" ಅಂದರೆ ಒಬ್ಬೊಬ್ಬರಿಗೆ ಒಂದೊಂದು ಅರ್ಥ. ಅದಕ್ಕೇ ಇಲ್ಲಿ ಪೆಟ್ರೋಲ್, ಪ್ರೊಪೇನ್ ಅಂತಲೇ ಬರೆಯುತ್ತೇನೆ. ನೀವೂ ಪ್ರವಾಸದಲ್ಲಿ ಹಾಗೇ ಹೇಳಿ.

ವಸ್ತುವಿನಲ್ಲೂ ಸ್ವಲ್ಪ ವ್ಯತ್ಯಾಸ ಇದೆ. ಊರಿನ ಎಲ್‌ಪಿಜಿಯಲ್ಲಿ ಬ್ಯೂಟೇನ್ ಮತ್ತು ಪ್ರೊಪೇನ್ ಬೆರೆತಿರುತ್ತವೆ. ಇಲ್ಲಿನ ಸಿಲಿಂಡರ್‌ನಲ್ಲಿ ಹೆಚ್ಚುಕಡಿಮೆ ಪೂರ್ತಿ ಪ್ರೊಪೇನ್. ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರ ಬಂದರೆ ಅನಿಲವಾಗುವುದನ್ನೇ ನಿಲ್ಲಿಸುತ್ತದೆ. ಪ್ರೊಪೇನ್ ಮೈನಸ್ 42 ಡಿಗ್ರಿ ಸೆಲ್ಸಿಯಸ್‌ವರೆಗೂ ಅನಿಲವಾಗುತ್ತದೆ. ಇಲ್ಲಿನ ಚಳಿಗೆ ಅದೇ ಸರಿ.

ಹೆಜ್ಜೆ 1: ಎಷ್ಟು ಬೇಕು ಅಂತ ಕಾಗದದ ಮೇಲೆ ಬರೆಯಿರಿ

ಆರ್‌ವಿಯ ದೀಪ, ನೀರಿನ ಪಂಪ್, ಹೀಟರ್‌ನ ಫ್ಯಾನ್ ಎಲ್ಲವೂ ಗಾಡಿಯ 12 ವೋಲ್ಟ್ ಬ್ಯಾಟರಿಯಲ್ಲಿ ನಡೆಯುತ್ತವೆ. ಒಲೆ ಮತ್ತು ಬಿಸಿನೀರಿನ ಬಾಯ್ಲರ್‌ಗೆ ಸಾಮಾನ್ಯವಾಗಿ ಪ್ರೊಪೇನ್. ಬಹಳಷ್ಟು ಗಾಡಿಗಳಲ್ಲಿ ಫ್ರಿಜ್ ಕೂಡ ಪ್ರೊಪೇನ್‌ನದೇ. ಹಾಗಾದರೆ ಜನರೇಟರ್ ಏಕೆ? ಬ್ಯಾಟರಿ ಚಾರ್ಜ್ ಮಾಡುವುದಕ್ಕೆ, ಮೈಕ್ರೋವೇವ್, ಮಿಕ್ಸಿ, ರೈಸ್ ಕುಕ್ಕರ್ ಮತ್ತು ಎ.ಸಿ.ಗೆ. ಎ.ಸಿ. ಬಿಟ್ಟರೆ ಉಳಿದದ್ದೆಲ್ಲ ದಿನಕ್ಕೆ ಕೆಲವು ಗಂಟೆಯ ಕೆಲಸ.

ಒಂದು ಲೆಕ್ಕ ನೋಡೋಣ. ಹೊಂಡಾ ಇಯು2200ಐ ತುಂಬಾ ಜನ ಒಯ್ಯುವ ಚಿಕ್ಕ ಜನರೇಟರ್. ಅದರ ಟ್ಯಾಂಕ್ 0.95 ಗ್ಯಾಲನ್, ಅಂದರೆ ಮೂರೂವರೆ ಲೀಟರ್ ಮೇಲೆ ಸ್ವಲ್ಪ. ಕಾಲು ಭಾಗ ಹೊರೆಯಿದ್ದರೆ ಎಂಟು ಗಂಟೆ ಓಡುತ್ತದೆ. ಪೂರ್ತಿ 1,800 ವ್ಯಾಟ್ ಎಳೆದರೆ ಮೂರು ಗಂಟೆಯಲ್ಲಿ ಮುಗಿಯುತ್ತದೆ. ಮಧ್ಯಮ ಹೊರೆಗೆ ಗಂಟೆಗೆ 0.2 ಗ್ಯಾಲನ್ ಅಂತ ಇಟ್ಟುಕೊಳ್ಳಿ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ, ಮೂರು ದಿನ. ಒಟ್ಟು 12 ಗಂಟೆ, 2.4 ಗ್ಯಾಲನ್. ಎರಡೂವರೆ ಗ್ಯಾಲನ್‌ನ ಒಂದೇ ಕ್ಯಾನ್ ಸಾಕು! ನಾನು ಅಂದು ಒಯ್ದದ್ದು ಅದರ ಎರಡರಷ್ಟು.

ಎ.ಸಿ. ಬೇಕೇ ಬೇಕು ಅಂದರೆ ಈ ಲೆಕ್ಕ ಉಲ್ಟಾ ಆಗುತ್ತದೆ. ಆರ್‌ವಿಯ ಮೇಲಿನ 13,500 ಬಿಟಿಯು (ತಂಪು ಮಾಡುವ ಸಾಮರ್ಥ್ಯದ ಅಳತೆ) ಎ.ಸಿ. ಓಡುವಾಗ ಸುಮಾರು 1,500 ವ್ಯಾಟ್ ಎಳೆಯುತ್ತದೆ. ಶುರುವಾಗುವ ಕ್ಷಣದಲ್ಲಿ ಅದರ ಎರಡರಷ್ಟು ಕೇಳಬಹುದು. ದೊಡ್ಡ ಜನರೇಟರ್ ಬೇಕು, ಗಂಟೆಗಟ್ಟಲೆ ಉರಿಸಬೇಕು, ಕ್ಯಾನ್‌ಗಟ್ಟಲೆ ಪೆಟ್ರೋಲ್ ಬೇಕು. ಅಷ್ಟೆಲ್ಲ ಹೊರುವುದಕ್ಕಿಂತ ಆ ಒಂದೆರಡು ರಾತ್ರಿ ಕರೆಂಟ್ ಇರುವ ಕ್ಯಾಂಪ್‌ಗ್ರೌಂಡ್‌ಗೆ ದುಡ್ಡು ಕೊಡುವುದೇ ವಾಸಿ.

ಎತ್ತರವನ್ನೂ ಲೆಕ್ಕಕ್ಕೆ ಸೇರಿಸಿ. ಗಾಳಿ ತೆಳುವಾದಂತೆ ಎಂಜಿನ್‌ನ ಶಕ್ತಿ ಇಳಿಯುತ್ತದೆ. ಪ್ರತಿ ಸಾವಿರ ಅಡಿಗೆ ಸುಮಾರು ಶೇಕಡಾ 3.5. ಯೆಲ್ಲೊಸ್ಟೋನ್‌ನ ಬ್ರಿಡ್ಜ್ ಬೇ ಕ್ಯಾಂಪ್‌ಗ್ರೌಂಡ್ 7,800 ಅಡಿ ಎತ್ತರದಲ್ಲಿದೆ. ಅಲ್ಲಿ ಕಾಲು ಭಾಗಕ್ಕೂ ಜಾಸ್ತಿ ಶಕ್ತಿ ಹೋಗಿರುತ್ತದೆ. ಮನೆಯಂಗಳದಲ್ಲಿ ಮೈಕ್ರೋವೇವ್ ಓಡಿಸಿದ ಜನರೇಟರ್ ಅಲ್ಲಿ ಕೈಕೊಟ್ಟರೆ ಅದು ಕೆಟ್ಟಿದೆ ಅಂದುಕೊಳ್ಳಬೇಡಿ.

ಹೆಜ್ಜೆ 2: ನಿಮ್ಮ ಗಾಡಿಗೆ ಹೊಂದುವ ಇಂಧನ ಆರಿಸಿ

ಬಾಡಿಗೆ ಮೋಟಾರ್‌ಹೋಮ್ (ತನ್ನದೇ ಎಂಜಿನ್‌ನಲ್ಲಿ ಓಡುವ ಆರ್‌ವಿ) ಆಗಿದ್ದರೆ ಮೊದಲು ಬಾಡಿಗೆ ಪತ್ರ ನೋಡಿ. ಬಹುತೇಕ ಮೋಟಾರ್‌ಹೋಮ್‌ಗಳಲ್ಲಿ ಜನರೇಟರ್ ಒಳಗೇ ಜೋಡಿಸಿರುತ್ತಾರೆ. ಅದು ಗಾಡಿಯ ಮುಖ್ಯ ಟ್ಯಾಂಕ್‌ನಿಂದಲೇ ಪೆಟ್ರೋಲ್ ಅಥವಾ ಡೀಸೆಲ್ ಎಳೆದುಕೊಳ್ಳುತ್ತದೆ. ನೀವು ಏನೂ ಹೊರಬೇಕಾಗಿಲ್ಲ. ಇದರಲ್ಲಿ ಒಂದು ಒಳ್ಳೆಯ ಏರ್ಪಾಡೂ ಇದೆ. ಜನರೇಟರ್‌ಗೆ ಹೋಗುವ ಕೊಳವೆಯನ್ನು ಟ್ಯಾಂಕ್‌ನ ತಳದವರೆಗೆ ಇಳಿಬಿಟ್ಟಿರುವುದಿಲ್ಲ. ಸುಮಾರು ಕಾಲು ಟ್ಯಾಂಕ್ ಉಳಿದಾಗ ಜನರೇಟರ್ ತಾನೇ ನಿಲ್ಲುತ್ತದೆ. ಪಂಪ್‌ವರೆಗೆ ಗಾಡಿ ಓಡಿಸಲು ಅಷ್ಟು ಉಳಿದಿರುತ್ತದೆ. ಆದ್ದರಿಂದ ಕ್ಯಾಂಪಿಗೆ ಹೋಗುವ ಮುಂಚಿನ ಕೊನೆಯ ಊರಿನಲ್ಲಿ ಟ್ಯಾಂಕ್ ತುಂಬಿಸಿದರೆ ಕೆಲಸ ಮುಗಿಯಿತು. ಬಾಡಿಗೆಯವರು ಜನರೇಟರ್‌ಗೆ ಗಂಟೆ ಲೆಕ್ಕದಲ್ಲಿ ದುಡ್ಡು ಕೇಳಬಹುದು, ಮುಂಚೆಯೇ ವಿಚಾರಿಸಿ.

ಟ್ರೇಲರ್ ಎಳೆಯುವವರಿಗೆ ನನ್ನ ಸಲಹೆ ಪ್ರೊಪೇನ್. ಟ್ರೇಲರ್ ಮೂತಿಯ ಮೇಲೆ ಈಗಾಗಲೇ ಒಂದೋ ಎರಡೋ ಸಿಲಿಂಡರ್ ಕೂತಿರುತ್ತವೆ. ಪೆಟ್ರೋಲ್, ಪ್ರೊಪೇನ್ ಎರಡರಲ್ಲೂ ಓಡುವ ಜನರೇಟರ್ ಈಗ ಸುಲಭವಾಗಿ ಸಿಗುತ್ತದೆ. ಪ್ರೊಪೇನ್ ಚೆಲ್ಲುವುದಿಲ್ಲ, ಕೆಡುವುದಿಲ್ಲ, ಇಂಧನಕ್ಕೆ ಗಾಳಿ ಬೆರೆಸುವ ಕಾರ್ಬ್ಯುರೇಟರ್‌ನಲ್ಲಿ ಅಂಟು ಕಟ್ಟುವುದಿಲ್ಲ. ಆದರೆ ಶಕ್ತಿ ಶೇಕಡಾ ಹತ್ತರಷ್ಟು ಕಡಿಮೆ. ಮೇಲಿನ ಮೂರು ದಿನದ ಲೆಕ್ಕಕ್ಕೆ ಸುಮಾರು 13 ಪೌಂಡ್ ಪ್ರೊಪೇನ್ ಬೇಕು. ಇಲ್ಲಿನ ಸಾಮಾನ್ಯ ಸಿಲಿಂಡರ್ 20 ಪೌಂಡ್‌ನದು, ಅಂದರೆ ಒಂಬತ್ತು ಕಿಲೋ. ಊರಿನ 14.2 ಕಿಲೋ ಸಿಲಿಂಡರ್‌ಗಿಂತ ಚಿಕ್ಕದು. ಅಂಗಡಿ ಮುಂದೆ ಖಾಲಿ ಕೊಟ್ಟು ತುಂಬಿದ್ದು ಪಡೆಯುವ ಕಡೆ ಅದರಲ್ಲಿ ಸಾಮಾನ್ಯವಾಗಿ 15 ಪೌಂಡ್ ಮಾತ್ರ ಇರುತ್ತದೆ. ತೂಕ ಹಾಕಿ ತುಂಬಿಸಿಕೊಡುವ ಜಾಗದಲ್ಲಿ ಪೂರ್ತಿ ಸಿಗುತ್ತದೆ.

ಸಿಲಿಂಡರ್‌ನ ಕುತ್ತಿಗೆ ಪಟ್ಟಿ ಓದುವ ಅಭ್ಯಾಸ ನಮಗೆ ಊರಲ್ಲೇ ಇದೆ. ಎ, ಬಿ, ಸಿ, ಡಿ ಅಂತ ತ್ರೈಮಾಸಿಕ, ಪಕ್ಕದಲ್ಲಿ ವರ್ಷ. ಇಲ್ಲೂ ಪಟ್ಟಿಯ ಮೇಲೆ ತಯಾರಾದ ತಿಂಗಳು, ವರ್ಷ ಒತ್ತಿರುತ್ತಾರೆ. 12 ವರ್ಷ ದಾಟಿದ್ದರೆ ಮರುಪರೀಕ್ಷೆ ಆಗದೆ ತುಂಬಿಸುವುದಿಲ್ಲ. ಖಾಲಿ ಸಿಲಿಂಡರ್ ತೂಕವನ್ನೂ ಒತ್ತಿರುತ್ತಾರೆ. ಒಟ್ಟು ತೂಕದಲ್ಲಿ ಅದನ್ನು ಕಳೆದರೆ ಒಳಗೆಷ್ಟು ಉಳಿದಿದೆ ಅಂತ ಗೊತ್ತಾಗುತ್ತದೆ. ಒಂದು ಪೌಂಡ್‌ನ ಬಿಸಾಡುವ ಚಿಕ್ಕ ಸಿಲಿಂಡರ್‌ಗಳನ್ನು ಮಾತ್ರ ಮನೆಯಲ್ಲಿ ಮರುತುಂಬಿಸಲು ಹೋಗಬೇಡಿ.

ಡೀಸೆಲ್ ಜನರೇಟರ್ ತೂಕ ಜಾಸ್ತಿ. ಡೀಸೆಲ್ ಮೋಟಾರ್‌ಹೋಮ್‌ನಲ್ಲಿ ಜೋಡಿಸಿ ಬಂದದ್ದು ಬಿಟ್ಟರೆ ಅದರ ಗೋಜು ಬೇಡ.

ಹೆಜ್ಜೆ 3: ಪಂಪ್ ಮುಂದೆ ಅಂಕಿ ಓದಿ

ಪೆಟ್ರೋಲ್ ಆರಿಸಿದವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಇಲ್ಲಿನ ಸಾಮಾನ್ಯ ಪೆಟ್ರೋಲ್ ಮೇಲೆ 87 ಅಂತ ಬರೆದಿರುತ್ತದೆ. ಊರಲ್ಲಿ 91 ನೋಡಿದವರಿಗೆ ಇದು ಕಳಪೆ ಅನ್ನಿಸಬಹುದು. ಹಾಗಲ್ಲ. ಈ ಅಂಕಿ ಆಕ್ಟೇನ್, ಅಂದರೆ ಎಂಜಿನ್‌ನಲ್ಲಿ ಪೆಟ್ರೋಲ್ ಹೊತ್ತಿಗೆ ಮುಂಚೆ ಹೊತ್ತಿಕೊಳ್ಳದೆ ಇರುವ ಗುಣದ ಅಳತೆ. ಅದನ್ನು ಅಳೆಯುವ ಪದ್ಧತಿ ಬೇರೆ, ಅಷ್ಟೇ. ಇಲ್ಲಿನ 87 ಹೆಚ್ಚುಕಡಿಮೆ ಅಲ್ಲಿನ 91ಕ್ಕೆ ಸಮ. ಚಿಕ್ಕ ಜನರೇಟರ್‌ಗೆ ಇದೇ ಸಾಕು. 93 ಹಾಕಿಸಿದರೆ ಏನೂ ಲಾಭವಿಲ್ಲ.

ಎಡವುವ ಜಾಗಗಳು ಮೂರು. ಯೂಟಾ, ವಯೋಮಿಂಗ್, ಕೊಲೊರಾಡೊ ಕಡೆಯ ಬೆಟ್ಟದೂರುಗಳಲ್ಲಿ ಅಗ್ಗದ ನಳಿಕೆಯ ಮೇಲೆ 85 ಅಂತ ಇರುತ್ತದೆ. ಹೊಂಡಾ ಕೇಳುವುದು ಕನಿಷ್ಠ 86. ಹಾಗಾಗಿ ಒಂದು ಮೆಟ್ಟಿಲು ಮೇಲಿನದು ಹಾಕಿಸಿ. ಎರಡನೆಯದು 88 ಅಂತ ಬರೆದದ್ದು. 87ಕ್ಕಿಂತ ಜಾಸ್ತಿ ಅಂಕಿ, ಆದರೂ ಬೆಲೆ ಕಡಿಮೆ. ಯಾರಿಗಾದರೂ ಆಸೆಯಾಗುತ್ತದೆ. ಅದರಲ್ಲಿ ಶೇಕಡಾ 15ರವರೆಗೆ ಎಥನಾಲ್ ಇರುತ್ತದೆ. ಜನರೇಟರ್‌ಗೆ ಶೇಕಡಾ 10 ದಾಟಬಾರದು. ಇಂಥ ಚಿಕ್ಕ ಎಂಜಿನ್‌ಗೆ ಇ15 ಹಾಕುವುದು ಕಾನೂನಿಗೂ ವಿರುದ್ಧ. ಮೂರನೆಯದು ಇ85. ಇದು 85 ಆಕ್ಟೇನ್ ಅಲ್ಲ, ಬಹುಪಾಲು ಎಥನಾಲ್. ಜನರೇಟರ್ ಹಾಳಾಗುತ್ತದೆ.

ಕೆಲವು ಪಂಪ್‌ಗಳಲ್ಲಿ ಎಥನಾಲ್ ಇಲ್ಲದ ಪೆಟ್ರೋಲ್ ಸಿಗುತ್ತದೆ. ಬೆಲೆ ಜಾಸ್ತಿ. ವರ್ಷಕ್ಕೊಮ್ಮೆ ಮಾತ್ರ ಜನರೇಟರ್ ತೆಗೆಯುವವರಿಗೆ ಆ ಬೆಲೆ ಕೊಡುವುದು ಸರಿ. ಎಥನಾಲ್ ಗಾಳಿಯ ತೇವ ಎಳೆದುಕೊಂಡು ಕಾಲಕ್ರಮೇಣ ನೀರಿನ ಜೊತೆ ತಳಕ್ಕಿಳಿಯುತ್ತದೆ. ಮುಂದಿನ ಬೇಸಿಗೆಗೆ ಜನರೇಟರ್ ಶುರುವಾಗದೆ ಇರುವುದಕ್ಕೆ ಇದೂ ಒಂದು ಕಾರಣ.

ಹೆಜ್ಜೆ 4: ಕ್ಯಾನ್ ಮತ್ತು ತುಂಬಿಸುವ ರೀತಿ

ಕೆಂಪು ಕ್ಯಾನ್ ಪೆಟ್ರೋಲ್‌ಗೆ, ಹಳದಿ ಡೀಸೆಲ್‌ಗೆ, ನೀಲಿ ಸೀಮೆಎಣ್ಣೆಗೆ. ನೀರಿನ ಕ್ಯಾನ್, ಹಾಲಿನ ಡಬ್ಬ ಯಾವುದೂ ಬೇಡ. ಗ್ಯಾರೇಜ್ ಸೇಲ್‌ನಲ್ಲಿ ಸಿಕ್ಕ ಹಳೇ ಕ್ಯಾನ್ ಕೂಡ ಬೇಡ. 2020ರಲ್ಲಿ ಬಂದ ಕಾನೂನಿನ ಪ್ರಕಾರ 2023ರ ಜುಲೈ ನಂತರ ತಯಾರಾದ ಕ್ಯಾನ್‌ಗಳಲ್ಲಿ ಬೆಂಕಿ ಒಳಗೆ ನುಗ್ಗದಂತೆ ತಡೆ ಇರಲೇಬೇಕು. ಬಾಯಿಯೊಳಗೆ ಜಾಲರಿಯಂತೆ ಕಾಣುತ್ತದೆ. ಅದನ್ನು ಕಿತ್ತು ಹಾಕಬೇಡಿ. ನನ್ನ ಮಟ್ಟಿಗೆ ಐದು ಗ್ಯಾಲನ್‌ನ ಒಂದು ಕ್ಯಾನ್‌ಗಿಂತ ಎರಡೂವರೆ ಗ್ಯಾಲನ್‌ನದು ಒಳ್ಳೆಯದು. ಐದು ಗ್ಯಾಲನ್ ಅಂದರೆ ಮೂವತ್ತು ಪೌಂಡ್ ಮೇಲೆ. ಅಷ್ಟು ಭಾರ ಎತ್ತಿ ಚಿಕ್ಕ ಟ್ಯಾಂಕ್‌ಗೆ ಸುರಿಯುವಾಗ ಚೆಲ್ಲದೇ ಇರುವುದಿಲ್ಲ.

ತುಂಬಿಸುವಾಗ ಕ್ಯಾನ್ ನೆಲದ ಮೇಲೆ ಇರಲೇಬೇಕು. ಪಿಕಪ್ ಟ್ರಕ್‌ನ ಹಿಂಭಾಗದಲ್ಲಿ, ಕಾರಿನ ಡಿಕ್ಕಿಯಲ್ಲಿ ಇಟ್ಟು ತುಂಬಿಸಬಾರದು. ಪೆಟ್ರೋಲ್ ಹರಿಯುವಾಗ ಸ್ಥಾಯಿ ವಿದ್ಯುತ್ ಹುಟ್ಟುತ್ತದೆ. ಪ್ಲಾಸ್ಟಿಕ್ ಹಾಸು ಅಥವಾ ಕಾರ್ಪೆಟ್ ಮೇಲಿದ್ದರೆ ಅದು ನೆಲಕ್ಕೆ ಇಳಿಯಲು ದಾರಿಯೇ ಇಲ್ಲ. ಒಂದು ಕಿಡಿ ಸಾಕು. ನಳಿಕೆ ಕ್ಯಾನ್‌ನ ಬಾಯಿಗೆ ತಾಗಿಕೊಂಡೇ ಇರಲಿ, ನಿಧಾನಕ್ಕೆ ತುಂಬಿಸಿ. ಕಂಠಪೂರ್ತಿ ಬೇಡ. ಬಿಸಿಗೆ ಹಿಗ್ಗಲು ಜಾಗ ಬಿಡಿ. ನ್ಯೂಜೆರ್ಸಿಯವರು ತಾವೇ ತುಂಬಿಸುವಂತಿಲ್ಲ, ಪಂಪ್‌ನವರೇ ತುಂಬಿಸಿಕೊಡುತ್ತಾರೆ. ಆಗಲೂ ಕ್ಯಾನ್ ತೆಗೆದು ನೆಲದ ಮೇಲೆ ಇಡುವುದು ನಿಮ್ಮ ಕೆಲಸ.

ಆರ್‌ವಿಯನ್ನೇ ಪಂಪ್‌ಗೆ ಒಯ್ಯುತ್ತಿದ್ದರೆ ಫ್ರಿಜ್ ಮತ್ತು ಬಾಯ್ಲರ್‌ನ ಪ್ರೊಪೇನ್ ಜ್ವಾಲೆ ಆರಿಸಿದ ಮೇಲೆಯೇ ಒಳಗೆ ಹೋಗಿ. ಗೋಡೆಯ ಹಿಂದೆ ಉರಿಯುವ ಆ ಪುಟ್ಟ ಜ್ವಾಲೆ ಸುಲಭಕ್ಕೆ ಮರೆತುಹೋಗುತ್ತದೆ.

ಹೆಜ್ಜೆ 5: ಎಲ್ಲಿ ಇಡಬೇಕು

ಜನ ವಾಸಿಸುವ, ಕೂರುವ, ಮಲಗುವ ಜಾಗದಲ್ಲಿ ಪೆಟ್ರೋಲ್ ಇರಬಾರದು. ಆರ್‌ವಿ ಒಳಗೆ ಬೇಡ, ಎಸ್‌ಯುವಿ ಒಳಗೂ ಬೇಡ. ಪೆಟ್ರೋಲ್‌ನ ಆವಿ ಗಾಳಿಗಿಂತ ಭಾರ. ಅದು ಮೇಲೆ ಹೋಗಿ ಚದುರುವುದಿಲ್ಲ. ನೀರಿನಂತೆ ನೆಲ ಹಿಡಿದು ಹರಿಯುತ್ತದೆ. ಮೈನಸ್ 40 ಡಿಗ್ರಿ ಚಳಿಯಲ್ಲೂ ಬೆಂಕಿ ಹಿಡಿಯುವಷ್ಟು ಆವಿ ಅದರಿಂದ ಏಳುತ್ತದೆ. ಆರ್‌ವಿ ಒಳಗೆ ನೆಲದ ಮಟ್ಟದಲ್ಲೇ ಫ್ರಿಜ್, ಹೀಟರ್, ಬಾಯ್ಲರ್‌ಗಳ ಜ್ವಾಲೆ ಇರುತ್ತದೆ. ಎರಡೂ ಭೇಟಿಯಾಗಬಾರದು. ಹೊರಗಿನಿಂದ ತೆರೆಯುವ ಸಾಮಾನಿನ ಗೂಡುಗಳೂ ಒಳಗಿನ ನೆಲಕ್ಕೆ ಅಂಟಿಕೊಂಡೇ ಇರುತ್ತವೆ. ಅಲ್ಲೂ ಬೇಡ.

ಪಿಕಪ್ ಟ್ರಕ್ ಇದ್ದವರಿಗೆ ಸುಲಭ. ತೆರೆದ ಹಿಂಭಾಗದಲ್ಲಿ ಕ್ಯಾನ್ ನೆಟ್ಟಗೆ ನಿಲ್ಲಿಸಿ, ಪಟ್ಟಿಯಿಂದ ಬಿಗಿದು ಕಟ್ಟಿ, ಬಿಸಿಲು ಬೀಳದಂತೆ ಇಡಿ. ಟ್ರೇಲರ್‌ನ ಹಿಂದಿನ ಬಂಪರ್ ಮೇಲೆ ಕ್ಯಾನ್ ಕಟ್ಟುವವರನ್ನು ದಾರಿಯಲ್ಲಿ ತುಂಬಾ ನೋಡುತ್ತೇವೆ. ನಾನು ಅದನ್ನು ಒಪ್ಪುವುದಿಲ್ಲ. ಹಿಂದಿನಿಂದ ಯಾವುದಾದರೂ ಗಾಡಿ ಗುದ್ದಿದರೆ ಮೊದಲ ಪೆಟ್ಟು ಬೀಳುವುದು ಅಲ್ಲೇ.

ಹಾಗಾದರೆ ಎಸ್‌ಯುವಿಯಿಂದ ಟ್ರೇಲರ್ ಎಳೆಯುವವರು ಏನು ಮಾಡಬೇಕು? ಪೆಟ್ರೋಲ್ ಹೊತ್ತು ದೂರ ಹೋಗಲೇಬೇಡಿ. ಹೊಸ, ಒಣಗಿದ ಕ್ಯಾನ್ ಒಯ್ದು ಕ್ಯಾಂಪಿಗೆ ಹತ್ತಿರದ ಪಂಪ್‌ನಲ್ಲಿ ತುಂಬಿಸಿ. ಯೆಲ್ಲೊಸ್ಟೋನ್‌ನ ಒಳಗೇ ಕ್ಯಾನ್ಯನ್, ಫಿಶಿಂಗ್ ಬ್ರಿಡ್ಜ್, ಗ್ರಾಂಟ್ ವಿಲೇಜ್, ಓಲ್ಡ್ ಫೇತ್‌ಫುಲ್ ಬಳಿ ಬೇಸಿಗೆಯಲ್ಲಿ ಪಂಪ್ ಇವೆ. ಯೊಸೆಮಿಟಿ ಕಣಿವೆಯೊಳಗೆ ಪಂಪ್ ಇಲ್ಲ. ಕ್ರೇನ್ ಫ್ಲಾಟ್, ವಾವೋನಾ ಅಥವಾ ಎಲ್ ಪೋರ್ಟಲ್‌ನಲ್ಲಿ ತುಂಬಿಸಿಕೊಳ್ಳಬೇಕು. ಆ ಕೊನೆಯ ಕೆಲವು ಮೈಲಿಗೂ ಹೊರಗೆ ಭದ್ರವಾಗಿ ಇಡಲು ಜಾಗವಿಲ್ಲ ಅಂದರೆ ಪ್ರೊಪೇನ್ ಜನರೇಟರ್ ಕಡೆಗೆ ಹೋಗಿ. ಒಮ್ಮೆ ಬಳಸಿದ ಖಾಲಿ ಕ್ಯಾನ್ ಖಾಲಿಯಲ್ಲ ಅನ್ನುವುದೂ ನೆನಪಿರಲಿ. ಆವಿ ತುಂಬಿದ ಕ್ಯಾನ್ ಪೆಟ್ರೋಲ್ ತುಂಬಿದ್ದಕ್ಕಿಂತ ಬೇಗ ಸಿಡಿಯುತ್ತದೆ. ಅದಕ್ಕೂ ಮುಚ್ಚಳ ಹಾಕಿ, ಹೊರಗೇ ಇಡಿ. ಜನರೇಟರ್‌ನ ಟ್ಯಾಂಕ್‌ಗೂ ಇದೇ ಮಾತು. ಖಾಲಿ ಮಾಡಿ, ಇಂಧನದ ಕವಾಟ ಮುಚ್ಚಿ, ನೆಟ್ಟಗೆ ಇಟ್ಟು ಒಯ್ಯಿರಿ.

ಸಮುದ್ರ ಮಟ್ಟದ ಊರಿಂದ 9,943 ಅಡಿಯ ಟಿಯೋಗಾ ಪಾಸ್‌ವರೆಗೆ ಹತ್ತಿದರೆ ಹೊರಗಿನ ಗಾಳಿಯ ಒತ್ತಡ ಇಳಿದು ಕ್ಯಾನ್ ಊದುತ್ತದೆ. ಬಿಸಿಲೂ ಸೇರಿದರೆ ಇನ್ನೂ ಜಾಸ್ತಿ. ನನಗಾದದ್ದು ಇದೇ. ಊದಿದ ಕ್ಯಾನ್ ಕಂಡರೆ ನೆರಳಲ್ಲಿ, ನೆಲದ ಮೇಲೆ ತಣ್ಣಗಾಗಲು ಬಿಡಿ. ಆಮೇಲೆ ಮುಖ ದೂರ ಇಟ್ಟು, ಮುಚ್ಚಳವನ್ನು ಚೂರು ಚೂರೇ ಸಡಿಲಿಸಿ.

ಪ್ರೊಪೇನ್ ಸಿಲಿಂಡರ್‌ನ ಜಾಗ ಟ್ರೇಲರ್ ಮೂತಿಯ ಚೌಕಟ್ಟು. ನೆಟ್ಟಗೇ ನಿಲ್ಲಬೇಕು. ಮಲಗಿಸಿದರೆ ಒತ್ತಡ ಬಿಡುವ ಕವಾಟಕ್ಕೆ ಅನಿಲದ ಬದಲು ದ್ರವ ಬರುತ್ತದೆ. ಓಡುವಾಗ ಕವಾಟ ಮುಚ್ಚಿರಲಿ. ತುಂಬಿಸಿಕೊಂಡು ಬರಲು ಕಾರಿನಲ್ಲಿ ಒಯ್ಯುವುದಾದರೆ ಕಿಟಕಿ ತೆರೆದಿಟ್ಟು ನೇರ ವಾಪಸ್ ಬನ್ನಿ. ಬಿಸಿಲಲ್ಲಿ ಕಾರಿನೊಳಗೆ ಬಿಟ್ಟು ತರಕಾರಿ ತರಲು ಹೋಗಬೇಡಿ.

ನ್ಯೂಜೆರ್ಸಿ ಕಡೆಯಿಂದ ದಕ್ಷಿಣಕ್ಕೆ ಹೋಗುವವರಿಗೆ ಒಂದು ವಿಷಯ. ಬಾಲ್ಟಿಮೋರ್‌ನ ಹಾರ್ಬರ್ ಮತ್ತು ಫೋರ್ಟ್ ಮೆಕ್‌ಹೆನ್ರಿ ಸುರಂಗಗಳಲ್ಲಿ 10 ಪೌಂಡ್‌ಗಿಂತ ದೊಡ್ಡ ಪ್ರೊಪೇನ್ ಸಿಲಿಂಡರ್ ಒಯ್ಯುವಂತಿಲ್ಲ. ಮೊದಲು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆ ಮೇಲೆ ಸುತ್ತಿ ಹೋಗುತ್ತಿದ್ದರು. ಹಡಗು ಬಡಿದು 2024ರ ಮಾರ್ಚ್‌ನಲ್ಲಿ ಅದು ಕುಸಿಯಿತು. ಈಗ 695 ಹೆದ್ದಾರಿಯ ಪಶ್ಚಿಮ ಭಾಗ ಹಿಡಿಯಬೇಕು. ಫೋನಿನ ನಕ್ಷೆ ಸೀದಾ ಸುರಂಗಕ್ಕೇ ಕರೆದೊಯ್ಯುತ್ತದೆ, ಎಚ್ಚರ.

ಹೆಜ್ಜೆ 6: ಕ್ಯಾಂಪಿನಲ್ಲಿ

ಜನರೇಟರ್ ಓಡಿಸುವ ಹೊತ್ತು ಪ್ರತಿ ಜಾಗದಲ್ಲೂ ಬೇರೆ. ಯೊಸೆಮಿಟಿಯಲ್ಲಿ ಬೆಳಿಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2, ಸಂಜೆ 5ರಿಂದ 7. ಯೆಲ್ಲೊಸ್ಟೋನ್‌ನಲ್ಲಿ ಅನುಮತಿ ಇರುವ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಬೆಳಿಗ್ಗೆ 8ರಿಂದ ರಾತ್ರಿ 8, ಸದ್ದು 60 ಡೆಸಿಬೆಲ್ ಮೀರಬಾರದು. ಬುಕ್ ಮಾಡುವಾಗ ಆ ಜಾಗದ ಪುಟ ಓದಿ. ರಾತ್ರಿ ಈ ಎರಡೂ ಕಡೆ ಬಿಡುವುದಿಲ್ಲ. ಮನೆಯ ಹಿರಿಯರಿಗೆ ನಿದ್ದೆಯಲ್ಲಿ ಉಸಿರಾಟದ ಯಂತ್ರ ಬೇಕಿದ್ದರೆ ಅದಕ್ಕೆ ಬೇರೆ ಬ್ಯಾಟರಿ ಒಯ್ಯಿರಿ. ಜನರೇಟರ್ ನಂಬಿ ಹೋಗಬೇಡಿ.

ಜನರೇಟರ್ ಆರ್‌ವಿಯಿಂದ ಕನಿಷ್ಠ 20 ಅಡಿ ದೂರ ಇರಲಿ. ಹೊಗೆ ಕೊಳವೆ ನಿಮ್ಮ ಕಡೆಗೂ ಬೇಡ, ಪಕ್ಕದವರ ಟೆಂಟ್ ಕಡೆಗೂ ಬೇಡ. ಮಳೆ ಬಂತು ಅಂತ ಗಾಡಿಯ ಚಪ್ಪರದ ಕೆಳಗೆ ಎಳೆದು ತರಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ. ಇಂಧನ ಪ್ರೊಪೇನ್ ಆದರೂ ಈ ಅಪಾಯ ತಪ್ಪುವುದಿಲ್ಲ. ಆರ್‌ವಿಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅಲಾರಂನ ಗುಂಡಿ ಒತ್ತಿ, ಕೂಗುತ್ತದಾ ಅಂತ ಮೊದಲ ದಿನವೇ ನೋಡಿ.

ಪೆಟ್ರೋಲ್ ಹಾಕಲು ಜನರೇಟರ್ ನಿಲ್ಲಿಸಿ, ಕಾಲು ಗಂಟೆ ತಣ್ಣಗಾಗಲು ಬಿಡಿ. ಬಿಸಿ ಸೈಲೆನ್ಸರ್ ಮೇಲೆ ನಾಲ್ಕು ಹನಿ ಬಿದ್ದರೂ ಹೊತ್ತಿಕೊಳ್ಳುತ್ತದೆ. ನಾವು ಈ ಕೆಲಸವನ್ನು ಹಗಲಲ್ಲೇ ಮುಗಿಸುತ್ತೇವೆ. ಕತ್ತಲಾದ ಮೇಲೆ ಎಲ್ಲರೂ ಬೆಂಕಿ ಹಾಕಿಕೊಂಡು ಕೂತಿರುತ್ತಾರೆ, ಮಕ್ಕಳು ಓಡಾಡುತ್ತಿರುತ್ತಾರೆ. ಆಗ ಕ್ಯಾನ್ ತೆರೆಯುವುದು ಬೇಡವೇ ಬೇಡ.

ಹೆಜ್ಜೆ 7: ಮನೆಗೆ ಬಂದ ಮೇಲೆ

ಉಳಿದ ಪೆಟ್ರೋಲ್ ಒಂದು ತಿಂಗಳೊಳಗಿನದಾಗಿದ್ದು, ಶುದ್ಧವಾಗಿದ್ದರೆ ನಿಮ್ಮ ಪೆಟ್ರೋಲ್ ಕಾರಿಗೇ ಸುರಿಯಿರಿ. ಮುಂದಿನ ಪ್ರವಾಸಕ್ಕೆ ಇಡುವುದೇ ಆದರೆ ಪೆಟ್ರೋಲ್ ಕೆಡದಂತೆ ತಡೆಯುವ ಸ್ಟೆಬಿಲೈಸರ್ ಬೆರೆಸಿ, ಕ್ಯಾನ್ ಮೇಲೆ ದಿನಾಂಕ ಬರೆಯಿರಿ. ಜನರೇಟರ್‌ನ ಟ್ಯಾಂಕ್ ಖಾಲಿ ಮಾಡಿ, ಕಾರ್ಬ್ಯುರೇಟರ್‌ನಲ್ಲಿ ಉಳಿದದ್ದು ಮುಗಿಯುವವರೆಗೆ ಹೊರಗೆ ಓಡಿಸಿ. ಹಳೆಯದಾಗಿ ಹುಳಿ ವಾಸನೆ ಬರುವ ಪೆಟ್ರೋಲನ್ನು ಮೋರಿಗೆ, ಮಣ್ಣಿಗೆ ಸುರಿಯಬೇಡಿ. ಕೌಂಟಿಯ ಅಪಾಯಕಾರಿ ತ್ಯಾಜ್ಯ ಕೇಂದ್ರಕ್ಕೆ ಕೊಡಿ. ಕ್ಯಾನ್ ಅನ್ನು ಗ್ಯಾರೇಜ್‌ನಲ್ಲಿ ಇಡುವ ಮೊದಲು ಬಿಸಿನೀರಿನ ಹೀಟರ್ ಎಲ್ಲಿದೆ ನೋಡಿ. ಅದರ ತಳದಲ್ಲಿ ಪೈಲಟ್ ಜ್ವಾಲೆ ಇದ್ದರೆ ಕ್ಯಾನ್ ಹಿತ್ತಲಿನ ಶೆಡ್‌ಗೆ ಹೋಗಲಿ.